ಕಣ್ಣು ಬೆಳಕನ್ನು ಗ್ರಹಿಸುವ ವಿಧಾನ ಹಾಗೂ ಇರುಳುಗುರುಡು

ಪೀಠಿಕೆ:
ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಜೋಳದ ರೊಟ್ಟಿಯು ರೂಢಿಯ ಆಹಾರವಾಗಿರುತ್ತದೆ. ಜೋಳವು ದೇಹಕ್ಕೆ ಶಕ್ತಿ ನೀಡುವುದಾದರೂ, ಕಣ್ಣಿಗೆ ಅತ್ಯಗತ್ಯವಾದ 'ಎ' ಜೀವಸತ್ವವು ಅದರಲ್ಲಿ ಅತ್ಯಲ್ಪ. ರೊಟ್ಟಿಯೊಂದಿಗೆ ಸೊಪ್ಪು, ಹಾಲು ದೊರೆಯದ ಮಕ್ಕಳಿಗೆ ಇರುಳುಗುರುಡು ಉಂಟಾಗುವ ಸಂಭವವಿರುತ್ತದೆ. ಹಗಲಿನಲ್ಲಿ ಚೆನ್ನಾಗಿ ಕಾಣುವ ಮಗುವಿಗೆ ಸಂಜೆಯಾದೊಡನೆ ಏಕೆ ಕಾಣುವುದಿಲ್ಲ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಅಕ್ಷಿಪಟಲದ ರಚನೆ:
ಕಣ್ಣಿನ ಹಿಂಭಾಗದ ಒಳಪದರವೇ ಅಕ್ಷಿಪಟಲ. ಇದರಲ್ಲಿ ಬೆಳಕನ್ನು ಗ್ರಹಿಸಿ ನೋಟವನ್ನು ಸಾಧ್ಯವಾಗಿಸುವ ಎರಡು ಬಗೆಯ ಕೋಶಗಳಿವೆ.
ಅ) ದಂಡಕೋಶಗಳು: ಪ್ರತಿ ಕಣ್ಣಿನಲ್ಲಿ ಸುಮಾರು 12 ಕೋಟಿ. ಮಂದ ಬೆಳಕಿನಲ್ಲಿ ಕಾಣಲು ನೆರವಾಗುತ್ತವೆ. ಬಣ್ಣವನ್ನು ಗುರುತಿಸಲಾರವು.
ಆ) ಶಂಕುಕೋಶಗಳು: ಸುಮಾರು 60 ಲಕ್ಷ. ಹಗಲಿನ ಸ್ಪಷ್ಟ ನೋಟಕ್ಕೂ ಬಣ್ಣದ ಅರಿವಿಗೂ ಇವೇ ಕಾರಣ.

2. ಬೆಳಕು ಸಂಕೇತವಾಗುವ ಬಗೆ:
ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿರುತ್ತದೆ. ಇದು ಒಂದು ಪ್ರೋಟೀನು ಹಾಗೂ 'ಎ' ಜೀವಸತ್ವದಿಂದ ತಯಾರಾದ ಬಾಗಿದ ಅಣುವಿನ ಸಂಯೋಗ. ಬೆಳಕು ತಾಗಿದೊಡನೆ ಬಾಗಿದ ಅಣುವು ನೇರವಾಗುತ್ತದೆ. ಇದರಿಂದ ಕೋಶದಲ್ಲಿ ಸರಣಿ ಕ್ರಿಯೆಗಳು ನಡೆದು, ಸೋಡಿಯಂ ಒಳಬರುವ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಕತ್ತಲೆಯಲ್ಲಿ ಈ ಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸತತವಾಗಿ ಸ್ರವಿಸುತ್ತಿರುತ್ತವೆ. ಬೆಳಕು ಬಿದ್ದಾಗ ಈ ಸ್ರವಿಕೆ ಇಳಿಯುತ್ತದೆ. ಈ ಇಳಿಕೆಯೇ ಬೆಳಕಿನ ಸಂಕೇತವಾಗಿರುತ್ತದೆ.

3. ಮೆದುಳಿಗೆ ರವಾನೆ:
ಸಂಕೇತವು ಅಕ್ಷಿಪಟಲದ ಮಧ್ಯದ ಪದರದ ನರಕೋಶಗಳ ಮೂಲಕ ಸಾಗಿ, ಸುಮಾರು 10 ಲಕ್ಷ ಎಳೆಗಳುಳ್ಳ ದೃಷ್ಟಿನರವನ್ನು ಸೇರುತ್ತದೆ. ಎರಡೂ ಕಣ್ಣುಗಳ ನರಗಳು ಕೂಡುವಲ್ಲಿ, ಮೂಗಿನ ಬದಿಯ ಎಳೆಗಳು ಎದುರು ಪಾರ್ಶ್ವಕ್ಕೆ ದಾಟುತ್ತವೆ. ಬಳಿಕ ಸಂಕೇತವು ಥಲಾಮಸ್ ಮೂಲಕ ಮೆದುಳಿನ ಹಿಂಭಾಗದ ದೃಷ್ಟಿಕೇಂದ್ರವನ್ನು ತಲುಪಿದಾಗ ನೋಟದ ಅರಿವು ಉಂಟಾಗುತ್ತದೆ.

4. ಇರುಳುಗುರುಡಿನ ಕಾರಣ:
ನೇರವಾದ ಅಣುವು ಪುನಃ ಬಾಗಿದ ರೂಪಕ್ಕೆ ಮರಳಿದ ನಂತರವೇ ದಂಡಕೋಶವು ಮುಂದಿನ ಬಳಕೆಗೆ ಸಿದ್ಧವಾಗುತ್ತದೆ. ಬಿಸಿಲಿನಿಂದ ಕತ್ತಲೆಗೆ ಬಂದವರ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕಾಗುವುದು ಇದರಿಂದಲೇ. ಈ ಕಾರ್ಯದಲ್ಲಾಗುವ ನಷ್ಟವನ್ನು ಯಕೃತ್ತಿನಲ್ಲಿರುವ 'ಎ' ಜೀವಸತ್ವದ ದಾಸ್ತಾನಿನಿಂದ ಭರಿಸಲಾಗುತ್ತದೆ. ದಾಸ್ತಾನು ಬರಿದಾದಾಗ ಮಂದ ಬೆಳಕಿನ ನೋಟವು ಮೊದಲು ಕುಂದುತ್ತದೆ. ಕಣ್ಣಿನಲ್ಲಿ ಈ ಜೀವಸತ್ವದ ಪಾತ್ರವನ್ನು ತೋರಿಸಿಕೊಟ್ಟ ಜಾರ್ಜ್ ವಾಲ್ಡ್ ಅವರು 1967ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು.

5. ಗಮನಿಸಬೇಕಾದ ಲಕ್ಷಣಗಳು:
ಸಂಜೆಯ ವೇಳೆ ಮಗು ಎಡವುವುದು, ಮುಂದಿರುವ ತಾಟು ಹುಡುಕಲು ತಡಕಾಡುವುದು, ಆಟ ಬಿಟ್ಟು ಒಂದೆಡೆ ಕೂಡುವುದು ಮೊದಲ ಸೂಚನೆಗಳು. ನಂತರ ಕಣ್ಣಿನ ಬಿಳಿಭಾಗ ಒಣಗಿ, ನೊರೆಯಂತಹ ಮಚ್ಚೆಗಳು ಕಾಣಬಹುದು. ಈ ಹಂತದಲ್ಲಿಯೂ ಚಿಕಿತ್ಸೆ ಪಡೆದಲ್ಲಿ ದೃಷ್ಟಿ ಉಳಿಯುತ್ತದೆ. ನಿರ್ಲಕ್ಷಿಸಿದಲ್ಲಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಿ ಶಾಶ್ವತ ಅಂಧತ್ವ ಬರಬಹುದು.

6. ಮುನ್ನೆಚ್ಚರಿಕೆ ಕ್ರಮಗಳು:
* ನುಗ್ಗೆ, ಮೆಂತ್ಯೆ, ರಾಜಗಿರಿ ಮುಂತಾದ ಸೊಪ್ಪಿನ ಪಲ್ಯವನ್ನು ಎಣ್ಣೆಯ ಒಗ್ಗರಣೆಯೊಂದಿಗೆ ನೀಡುವುದು. ಕೊಬ್ಬಿನಂಶವಿದ್ದಲ್ಲಿ ಜೀವಸತ್ವವು ಚೆನ್ನಾಗಿ ಹೀರಲ್ಪಡುತ್ತದೆ.
* ಗಜ್ಜರಿ, ಪಪ್ಪಾಯಿ, ಮಾವು, ಹಾಲು, ಮೊಟ್ಟೆಗಳನ್ನು ಲಭ್ಯತೆಗನುಗುಣವಾಗಿ ಕೊಡುವುದು.
* 9ನೇ ತಿಂಗಳಿನಲ್ಲಿ 1 ಲಕ್ಷ ಯೂನಿಟ್, ನಂತರ ಒಂದೂವರೆ ವರ್ಷದಿಂದ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ ಒಟ್ಟು 9 ಬಾರಿ 'ಎ' ಜೀವಸತ್ವದ ದ್ರಾವಣವನ್ನು ಹಾಕಿಸುವುದು.
* ಪ್ರಮಾಣ ಮೀರಿದಲ್ಲಿ ಹಾನಿಯಾಗುವುದರಿಂದ, ವಿಶೇಷವಾಗಿ ಗರ್ಭಿಣಿಯರು, ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸತಕ್ಕದ್ದಲ್ಲ.

7. ವಿಶೇಷ ಸೂಚನೆ:
ಎಲ್ಲ ಇರುಳುಗುರುಡೂ ಆಹಾರದ ಕೊರತೆಯಿಂದ ಬರುವುದಿಲ್ಲ. ದಂಡಕೋಶಗಳೇ ಕ್ರಮೇಣ ನಶಿಸುವ ವಂಶಪಾರಂಪರ್ಯ ಕಾಯಿಲೆಯೂ ಇದ್ದು, ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಆದ್ದರಿಂದ ಲಕ್ಷಣ ಕಂಡ ಕೂಡಲೇ ಮಗುವನ್ನು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಪಾಸಣೆ ಮಾಡಿಸುವಂತೆ ಪಾಲಕರಲ್ಲಿ ಕೋರಲಾಗಿದೆ.