ನಮ್ಮ ಟೆರೇಸ್ ಮೇಲಿನ ಆಕಾಶ ಯಾರದು?

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳೋಕೆ ಹೊರಟವರ ಕೈಗೆ ಬಿಲ್ಡರ್ ಒಂದು ಕಂತೆ ಕಾಗದ ಕೊಡ್ತಾನೆ. ಖಾತಾ, ಇಸಿ, ಪ್ಲಾನು ಎಲ್ಲವನ್ನೂ ಲಾಯರಿಗೆ ತೋರಿಸ್ತೀವಿ. ಅವುಗಳ ನಡುವೆ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಅಂತ ಒಂದು ಹಾಳೆ ಇರುತ್ತೆ, ಅದನ್ನು ಮಾತ್ರ ಓದೋರು ಕಡಿಮೆ. ಕಟ್ಟಡದ ತುದಿ ಸಮುದ್ರಮಟ್ಟದಿಂದ ಒಂಬೈನೂರ ಚಿಲ್ಲರೆ ಮೀಟರ್ ದಾಟಬಾರದು ಅನ್ನೋದು ಅದರ ಸಾರ. ಅಬ್ಬಾ, ಅಷ್ಟೆತ್ತರವಾ ಅಂತ ಖುಷಿಪಡೋ ಹಾಗಿಲ್ಲ. ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿದೆ. ಆ ಅಂಕಿಯಿಂದ ನೆಲದ ಎತ್ತರ ಕಳೆದರೆ ಉಳಿಯೋದಷ್ಟೇ ನಮ್ಮ ಪಾಲಿನ ಆಕಾಶ.

ಈ ಕಳೆಯೋ ಲೆಕ್ಕದ ಚರಿತ್ರೆ ಹುಡುಕುತ್ತಾ ಹೋದರೆ ಅಮೆರಿಕದ ಒಂದು ಕೋಳಿ ಫಾರಂ ಸಿಗುತ್ತೆ. ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋ ಊರಿನ ಹೊರಗೆ ಥಾಮಸ್ ಕಾಸ್ಬಿ ದಂಪತಿಗೆ 2.8 ಎಕರೆ ಜಮೀನಿತ್ತು. 1942ರಲ್ಲಿ, ಯುದ್ಧ ಜೋರಾಗಿದ್ದಾಗ, ಪಕ್ಕದ ವಿಮಾನ ನಿಲ್ದಾಣವನ್ನು ಬಳಸೋಕೆ ಸರ್ಕಾರ ಗುತ್ತಿಗೆ ಮಾಡಿಕೊಂಡಿತು. ಬಾಂಬರ್‌ಗಳು ಇವರ ಮನೆಯ ಮೇಲೆ 67 ಅಡಿ ಎತ್ತರದಲ್ಲಿ ಹಾದುಹೋಗೋವು. ಎಲ್ಲಕ್ಕಿಂತ ಎತ್ತರದ ಮರಕ್ಕೂ ವಿಮಾನಕ್ಕೂ ನಡುವೆ 18 ಅಡಿ! ಕೋಳಿಗಳು ಬೆದರಿ ಗೋಡೆಗೆ ಬಡಿದುಕೊಂಡು ಸಾಯತೊಡಗಿದವು. ಒಟ್ಟು ಸುಮಾರು 150 ಸತ್ತವು. ಗಂಡ ಹೆಂಡತಿಗೆ ರಾತ್ರಿ ನಿದ್ದೆ ಇಲ್ಲ. ಕಸುಬು ಬಿಟ್ಟು ಕೋರ್ಟಿಗೆ ಹೋದರು.

ನೆಲ ಯಾರದೋ ಅದರ ಮೇಲಿನ ಆಕಾಶ, ಕೆಳಗಿನ ಪಾತಾಳ ಎಲ್ಲಾ ಅವರದೇ ಅನ್ನೋದು ಯುರೋಪಿನ ಹಳೇ ಕಾನೂನು ಸೂತ್ರ. ಹದಿಮೂರನೇ ಶತಮಾನದ ಪಂಡಿತರ ಕಾಲದ ಮಾತು. ಆಗ ಆಕಾಶದಲ್ಲಿ ಹಾರುತ್ತಿದ್ದದ್ದು ಹಕ್ಕಿ ಮಾತ್ರ, ಹೇಳಿದರೆ ನಷ್ಟವೇನು? 1946ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಸೂತ್ರಕ್ಕೆ ಈ ಕಾಲದಲ್ಲಿ ಜಾಗವಿಲ್ಲ ಅಂದಿತು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ನೆಲಕ್ಕೆ ತೀರಾ ಹತ್ತಿರದ ಗಾಳಿ ನೆಲದವನದೇ, ಅದನ್ನು ಬಳಸಿಕೊಂಡರೆ ಜಮೀನು ಕಿತ್ತುಕೊಂಡ ಹಾಗೇ ಲೆಕ್ಕ, ಪರಿಹಾರ ಕೊಡಿ ಅಂದಿತು. 1962ರಲ್ಲಿ ಪಿಟ್ಸ್‌ಬರ್ಗಿನ ಇನ್ನೊಂದು ಕೇಸಿನಲ್ಲಿ, ಆ ದುಡ್ಡು ಕೊಡಬೇಕಾದ್ದು ನಿಲ್ದಾಣದ ಮಾಲೀಕರು ಅಂತಲೂ ಆಯಿತು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪಕ್ಕದ ಸರ್ಫ್‌ರಿಜ್ ಅನ್ನೋ ಬಡಾವಣೆಯನ್ನಂತೂ ಮನೆಗಳ ಸಮೇತ ಕೊಂಡುಕೊಂಡು ಖಾಲಿ ಮಾಡಿಸಿದರು. ಈಗ ಅಲ್ಲಿ ಬರೀ ರಸ್ತೆಗಳಿವೆ, ಜೊತೆಗೆ ಒಂದು ಅಪರೂಪದ ನೀಲಿ ಚಿಟ್ಟೆ.

ಇಲ್ಲಿ ಹೇಗೆ? ನಮ್ಮಲ್ಲಿ ಕಾಸ್ಬಿ ಅಂಥೋರು ಕೋರ್ಟಿನ ಮೆಟ್ಟಿಲು ಹತ್ತೋ ಮೊದಲೇ ಬಾಗಿಲು ಹಾಕಿ ಆಗಿತ್ತು. ಬ್ರಿಟಿಷರ 1934ರ ವಿಮಾನ ಕಾಯ್ದೆಯ 17ನೇ ಕಲಂ ಪ್ರಕಾರ, ಸಮಂಜಸ ಎತ್ತರದಲ್ಲಿ ವಿಮಾನ ಹಾರಿತು ಅನ್ನೋ ಒಂದೇ ಕಾರಣಕ್ಕೆ ಅತಿಕ್ರಮ ಅಂತಲೋ ಉಪದ್ರವ ಅಂತಲೋ ದಾವಾ ಹೂಡೋ ಹಾಗಿಲ್ಲ. ಸಮಂಜಸ ಅಂದರೆ ಎಷ್ಟು ಅಡಿ? ಕಲಮಿನಲ್ಲಿ ಅಂಕಿ ಇಲ್ಲ. 1972ರಲ್ಲಿ ಇದೇ ಕಾಯ್ದೆಗೆ 9ಎ ಸೇರಿತು. ನಿಲ್ದಾಣದಿಂದ 20 ಕಿಲೋಮೀಟರ್ ಒಳಗೆ ಕಟ್ಟೋದನ್ನು, ಮರ ನೆಡೋದನ್ನು ಕೇಂದ್ರ ಸರ್ಕಾರ ತಡೀಬಹುದು. ಮೊದಲೇ ಇರೋದನ್ನು ಕೆಡವಿಸಲೂಬಹುದು. ಬೆನ್ನಿಗೇ 9ಬಿ: ನಷ್ಟವಾದರೆ ಪರಿಹಾರ. ಕಾಸ್ಬಿಯ ಪ್ರಶ್ನೆಗೆ ನಮ್ಮ ಕಾಯ್ದೆ ತೆರೆದ ಒಂದು ಸಣ್ಣ ಕಿಟಕಿ ಅಂದರೆ ಇದು.

ವಿಮಾನಕ್ಕೆ ದಾರಿ ಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಲೆಕ್ಕ ಅಂತರರಾಷ್ಟ್ರೀಯವಾದದ್ದು, ನೇರವಾದದ್ದು. ದೊಡ್ಡ ರನ್‌ವೇ ತುದಿಯಿಂದ ವಿಮಾನ ಇಳಿಯೋ ದಿಕ್ಕಿನಲ್ಲಿ ಪ್ರತಿ 50 ಮೀಟರ್ ದೂರಕ್ಕೆ ಒಂದು ಮೀಟರ್ ಏರೋ ಒಂದು ಕಾಣದ ಇಳಿಜಾರು. ಸುತ್ತಲೂ ನಾಲ್ಕು ಕಿಲೋಮೀಟರ್‌ವರೆಗೆ 45 ಮೀಟರ್ ಎತ್ತರದಲ್ಲಿ ಒಂದು ಕಾಣದ ಮುಚ್ಚಳ, ಅಂದಾಜು ಹದಿನಾಲ್ಕು ಹದಿನೈದು ಅಂತಸ್ತು. ಇವುಗಳನ್ನು ಚುಚ್ಚೋ ಹಾಗೆ ಏನೂ ಏಳಬಾರದು. ಈಗ ಇದೆಲ್ಲ ಬಣ್ಣಬಣ್ಣದ ನಕ್ಷೆಯಾಗಿ ಪಾಲಿಕೆಗಳ ಕೈಯಲ್ಲಿದೆ. ಮುಂಬೈನ ವಿಲೆ ಪಾರ್ಲೆ, ಸಾಂತಾಕ್ರೂಜ್ ಕಡೆ ಹಳೇ ಸೊಸೈಟಿಗಳು ಶಿಥಿಲವಾದರೂ ಮತ್ತೆ ಕಟ್ಟಿಸಿಕೊಳ್ಳೋಕೆ ಒದ್ದಾಡ್ತಿರೋದು ಈ ಇಳಿಜಾರಿನ ಕೆಳಗೆ ಸಿಕ್ಕಿಕೊಂಡೇ. ಹೆಚ್ಚು ಮಹಡಿ ಏರಿಸೋ ಹಾಗಿಲ್ಲ ಅಂದಮೇಲೆ ಯಾವ ಬಿಲ್ಡರ್ ಬರ್ತಾನೆ ಹೇಳಿ?

ಊರೇ ಆಮೇಲೆ ಬಂದು ರನ್‌ವೇ ಸುತ್ತ ಕೂತಿತು, ಅವರದೇ ತಪ್ಪು ಅನ್ನೋರಿದ್ದಾರೆ. ಎಚ್‌ಎಎಲ್ ನೋಡಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಾರ್ಖಾನೆ ಶುರುಮಾಡಿದ್ದು 1940ರ ಡಿಸೆಂಬರಿನಲ್ಲಿ. ಇಂದಿರಾನಗರದಂಥ ಬಡಾವಣೆಗಳು ಆಮೇಲೆ ಬಂದವು, ನಿಜ. ಆದರೆ ಪಕ್ಕದ ವಿಭೂತಿಪುರದಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ಕಾಲದ ಶಾಸನವಿದೆ. ಯಾರು ಯಾರ ಪಕ್ಕ ಬಂದು ಕೂತರು? 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮುಚ್ಚಳ ಮಾತ್ರ ಹೋಗಲಿಲ್ಲ, ಯಾಕಂದ್ರೆ ಎಚ್‌ಎಎಲ್‌ನಲ್ಲಿ ಹಾರಾಟ ನಿಂತಿಲ್ಲ. ದೇವನಹಳ್ಳಿ, ಯಲಹಂಕದ ವಾಯುನೆಲೆ ಎರಡನ್ನೂ ಸೇರಿಸಿ 20 ಕಿಲೋಮೀಟರಿನ ಸುತ್ತು ಎಳೆದರೆ ಬೆಂಗಳೂರಿನ ಬಹುಪಾಲು ಒಂದಲ್ಲ ಒಂದರೊಳಗೆ ಬೀಳುತ್ತೆ.

1934ರ ಕಾಯ್ದೆ ಈಗಿಲ್ಲ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಕಟ್ಟಡ ಮತ್ತು ಮರಗಳ ಮೇಲಿನ ಅಧಿಕಾರ ಅದರಲ್ಲೂ ಹಾಗೇ ಇದೆ. ಅದೇ ವರ್ಷ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಮೆಡಿಕಲ್ ಕಾಲೇಜು ಹಾಸ್ಟೆಲಿನ ಮೇಲೆ ಬಿತ್ತು. ಹಾಸ್ಟೆಲಿನ ಎತ್ತರಕ್ಕೂ ಆ ದುರಂತಕ್ಕೂ ಸಂಬಂಧ ಇರಲಿಲ್ಲ. ಆದರೂ ಒಂದು ವಾರದೊಳಗೆ ಕೇಂದ್ರ ಸರ್ಕಾರ ಅಡ್ಡಿಯಾಗೋ ಕಟ್ಟಡ, ಮರಗಳನ್ನು ತೆರವು ಮಾಡಿಸೋ ಕರಡು ನಿಯಮ ಹೊರಡಿಸಿತು. ಪರಿಹಾರದ ಮಾತು ಅದರಲ್ಲೂ ಇದೆ, ಆದೇಶ ಪಾಲಿಸಿದವರಿಗೆ ಮಾತ್ರ.