ಪುರಭವನದಿಂದ ಏಳು ಮೈಲಿ: ಇಂಗ್ಲೆಂಡಿನ ನಡುನಾಡಿನಲ್ಲಿ ಮತ್ತು ಉತ್ತರದಲ್ಲಿ ಸ್ಪರ್ಧಾನಿರ್ಬಂಧ ಕರಾರಿನ ಚರಿತ್ರೆ

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ ವಾರಿಂಗ್ಟನ್ ಇದೆ. ಅದರ ಪೂರ್ವದ ಅಂಚಿನಲ್ಲಿರುವುದು ಬರ್ಚ್‌ವುಡ್. ಎರಡನೇ ಮಹಾಯುದ್ಧದ ಕಾಲಕ್ಕೆ ಇಲ್ಲಿ ರಿಸ್ಲಿಯ ಮದ್ದು ತುಂಬುವ ಸರ್ಕಾರಿ ಕಾರ್ಖಾನೆಯಿತ್ತು. 1946ರಲ್ಲಿ ಕ್ರಿಸ್ಟಫರ್ ಹಿಂಟನ್ ಬ್ರಿಟನ್ನಿನ ಅಣು ಇಂಧನ ಉತ್ಪಾದನೆಯ ಮುಖ್ಯ ಕಚೇರಿಯನ್ನು ರಿಸ್ಲಿಯಲ್ಲಿಯೇ ತೆರೆದರು. 1968ರಲ್ಲಿ ವಾರಿಂಗ್ಟನ್ ‘ಹೊಸ ನಗರ’ವೆಂದು ಘೋಷಿತವಾದ ಮೇಲೆ ಹಳೆಯ ಕಾರ್ಖಾನೆಯ ನೆಲದಲ್ಲಿ ಬರ್ಚ್‌ವುಡ್ ಬೆಳೆಯಿತು. ಇಂದು ಅಲ್ಲಿನ ಬಿಸಿನೆಸ್ ಪಾರ್ಕಿನಲ್ಲಿ ಪರಮಾಣು ಎಂಜಿನಿಯರಿಂಗ್ ಕಂಪನಿಗಳು ಅಕ್ಕಪಕ್ಕದಲ್ಲೇ ಇವೆ. ಉದ್ಯಮವೆಲ್ಲ ಸರ್ಕಾರದ ಕೈಯಲ್ಲಿದ್ದಾಗ ಕೆಲಸ ಬಿಟ್ಟ ಎಂಜಿನಿಯರ್ ಪ್ರತಿಸ್ಪರ್ಧಿಯ ಬಳಿಗೆ ಹೋಗುವ ಮಾತೇ ಇರಲಿಲ್ಲ, ಗುಟ್ಟು ಕಾಯಲು ಅಧಿಕೃತ ರಹಸ್ಯಗಳ ಕಾಯ್ದೆಯಿತ್ತು. ಈಗ ಬಸ್ ಸ್ಟಾಪ್ ಬದಲಾಯಿಸದೆ ಯಜಮಾನನನ್ನು ಬದಲಾಯಿಸಬಹುದು. ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯ ಬಳಿಗೆ ಹೋಗಬಾರದೆಂಬ ನಾನ್-ಕಾಂಪೀಟ್ ಷರತ್ತಿಗೆ ಬೆಲೆ ಬರುವುದು ಇಂಥ ಊರುಗಳಲ್ಲಿಯೇ.

ಈ ಷರತ್ತಿನ ಚರಿತ್ರೆಯನ್ನು ‘ಸಮಂಜಸತೆ’ ಎಂಬ ಒಂದು ತತ್ತ್ವ ಬೆಳೆದು ಬಂದ ಕಥೆಯಾಗಿ ಹೇಳುವುದು ವಾಡಿಕೆ. ಎಷ್ಟು ಕಾಲ, ಎಷ್ಟು ದೂರ, ಯಾವ ಹಿತಕ್ಕಾಗಿ ಎಂದು ಕೋರ್ಟು ತೂಗುತ್ತದೆ ಎನ್ನುವುದು ನಿಜವೇ. ಆದರೆ ನೌಕರನ ಕಡೆಯಿಂದ ನೋಡಿದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಯಜಮಾನ ಮಿತಿಮೀರಿ ಬರೆಸಿಕೊಂಡಾಗ ಕೋರ್ಟು ಆ ಕಾಗದವನ್ನು ಇಡಿಯಾಗಿ ಎಸೆಯುತ್ತದೆಯೋ, ಹೆಚ್ಚಾದದ್ದನ್ನು ಹೊಡೆದುಹಾಕಿ ಉಳಿದದ್ದನ್ನು ಅವನ ಕೈಗೇ ಕೊಡುತ್ತದೆಯೋ? ಈ ಪ್ರಶ್ನೆಯನ್ನು ಕೆದಕಿದ ವ್ಯಾಜ್ಯಗಳಲ್ಲಿ ಹಲವು ಹುಟ್ಟಿದ್ದು ಲಂಡನ್ನಿನ ದೊಡ್ಡ ಕಚೇರಿಗಳಲ್ಲಲ್ಲ. ಬ್ರಾಡ್‌ಫರ್ಡ್, ಲಫ್‌ಬರೋ, ಕಿಡರ್‌ಮಿನ್‌ಸ್ಟರ್, ಟ್ಯಾಮ್‌ವರ್ತ್‌ಗಳಂಥ ಊರುಗಳಲ್ಲಿ.

ಆರಂಭದಲ್ಲಿ ಕಾನೂನು ಇಂಥ ಕರಾರನ್ನು ಕಂಡರೇ ಕೆರಳುತ್ತಿತ್ತು. 1414ರಲ್ಲಿ ಜಾನ್ ಡೈಯರ್ ಎಂಬ ಬಣ್ಣಗಾರ ಅರ್ಧ ವರ್ಷ ತನ್ನ ಊರಿನಲ್ಲಿ ಕಸುಬು ಮಾಡುವುದಿಲ್ಲವೆಂದು ಬಾಂಡ್ ಬರೆದುಕೊಟ್ಟಿದ್ದ. ಅದನ್ನು ಜಾರಿ ಮಾಡಿಸಲು ಬಂದ ವಾದಿಯ ಮೇಲೆ ನ್ಯಾಯಾಧೀಶ ಹಲ್ ಎಷ್ಟು ಸಿಟ್ಟಾದನೆಂದರೆ, ಅವನು ಎದುರಿಗಿದ್ದಿದ್ದರೆ ದೊರೆಗೆ ದಂಡ ಕಟ್ಟುವವರೆಗೆ ಸೆರೆಮನೆಗೆ ತಳ್ಳುತ್ತಿದ್ದೆ ಎಂದು ದೇವರ ಆಣೆಯಿಟ್ಟು ಹೇಳಿದ. ಏಳು ವರ್ಷ ಶಿಷ್ಯವೃತ್ತಿ ಮಾಡಿ ಕಲಿತ ಒಂದೇ ಕಸುಬಿನಿಂದ ಜೀವನ ಸಾಗಿಸಬೇಕಿದ್ದ ಸಮಾಜದಲ್ಲಿ ಆ ಕಸುಬನ್ನು ಬಿಡಿಸುವುದೆಂದರೆ ಅನ್ನವನ್ನೇ ಕಿತ್ತುಕೊಂಡಂತೆ.

ಬಾಗಿಲು ಸ್ವಲ್ಪ ತೆರೆದದ್ದು 1711ರಲ್ಲಿ, ಮಿಚೆಲ್ ಮತ್ತು ರೆನಾಲ್ಡ್ಸ್ ಪ್ರಕರಣದಲ್ಲಿ. ಬೇಕರಿಯನ್ನು ಐದು ವರ್ಷಕ್ಕೆ ಗುತ್ತಿಗೆ ಕೊಟ್ಟ ರೆನಾಲ್ಡ್ಸ್, ಆ ಅವಧಿಯಲ್ಲಿ ಅದೇ ಪ್ಯಾರಿಷ್‌ನಲ್ಲಿ ರೊಟ್ಟಿ ಸುಡುವುದಿಲ್ಲವೆಂದು 50 ಪೌಂಡಿನ ಬಾಂಡ್ ಬರೆದಿದ್ದ, ಆಮೇಲೆ ಮಾತಿಗೆ ತಪ್ಪಿದ. ತಕ್ಕ ಪ್ರತಿಫಲಕ್ಕೆ, ಸೀಮಿತ ಜಾಗಕ್ಕೆ ಒಪ್ಪಿದ ನಿರ್ಬಂಧ ನಿಲ್ಲುತ್ತದೆ ಎಂದು ತೀರ್ಪಾಯಿತು. ತೀರ್ಪು ಕೊಟ್ಟ ಥಾಮಸ್ ಪಾರ್ಕರ್ ಸ್ಟಾಫರ್ಡ್‌ಶೈರಿನ ಲೀಕ್ ಊರಿನವನು. ವ್ಯಾಪಾರದ ಪ್ರಾಮಾಣಿಕತೆಯನ್ನು ಇಷ್ಟು ಸೂಕ್ಷ್ಮವಾಗಿ ತೂಗಿದ ಈತನೇ ಮುಂದೆ ಲಾರ್ಡ್ ಚಾನ್ಸಲರ್ ಆಗಿ, ಹುದ್ದೆಗಳಿಗೆ ಹಣ ಪಡೆದ ಆರೋಪದಲ್ಲಿ 1725ರಲ್ಲಿ ಮಹಾಭಿಯೋಗಕ್ಕೆ ಒಳಗಾಗಿ 30,000 ಪೌಂಡ್ ದಂಡ ತೆತ್ತ! 1894ರ ನಾರ್ಡನ್‌ಫೆಲ್ಟ್ ಪ್ರಕರಣದಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಇನ್ನೂ ಮುಂದೆ ಹೋಗಿ, ತೋಪು ತಯಾರಿಸುವ ಉದ್ಯಮವನ್ನು ಮಾರಿದ ಯಜಮಾನನ ಮೇಲೆ 25 ವರ್ಷ, ಇಡೀ ಲೋಕಕ್ಕೆ ಅನ್ವಯಿಸುವ ನಿರ್ಬಂಧವನ್ನೂ ಎತ್ತಿಹಿಡಿಯಿತು. ಆದರೆ ಅಂಗಡಿಯನ್ನೋ ಕಾರ್ಖಾನೆಯನ್ನೋ ಮಾರಿ 2,87,500 ಪೌಂಡ್ ಎಣಿಸಿಕೊಂಡವನೂ ವಾರದ ಸಂಬಳಕ್ಕೆ ದುಡಿಯುವವನೂ ಒಂದೇ ಅಲ್ಲವಲ್ಲ.

ಆ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದು 1913ರ ತೀರ್ಪು. ಬ್ರಾಡ್‌ಫರ್ಡಿನ ಪ್ರಾವಿಡೆಂಟ್ ಕ್ಲೋದಿಂಗ್ ಕಂಪನಿ ಕಾರ್ಮಿಕ ಕುಟುಂಬಗಳಿಗೆ ವಾರದ ಕಂತಿನ ಮೇಲೆ ಬಟ್ಟೆಬರೆಗೆ ಸಾಲದ ಚೀಟಿ ಕೊಡುತ್ತಿತ್ತು. ಮನೆಮನೆಗೆ ಹೋಗಿ ಗಿರಾಕಿ ಹಿಡಿದು ಕಂತು ವಸೂಲಿ ಮಾಡುವ ನೌಕರರೇ ಅದರ ಬಂಡವಾಳ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಅಂಥ ಕೆಲಸ ಮಾಡುತ್ತಿದ್ದ ಮೇಸನ್ ಎಂಬಾತನಿಂದ, ಕೆಲಸ ಬಿಟ್ಟ ಮೇಲೆ ಮೂರು ವರ್ಷ ಲಂಡನ್ನಿನ 25 ಮೈಲಿ ಫಾಸಲೆಯಲ್ಲಿ ಇಂಥ ವ್ಯಾಪಾರಕ್ಕೆ ಕೈಹಾಕುವುದಿಲ್ಲವೆಂದು ಬರೆಸಿಕೊಂಡಿತ್ತು. ಅವನು ಓಡಾಡಿದ್ದು ನಾಲ್ಕು ಬೀದಿ, ಬೇಲಿ ಹಾಕಿದ್ದು ಇಡೀ ಮಹಾನಗರಕ್ಕೆ. ಹೌಸ್ ಆಫ್ ಲಾರ್ಡ್ಸ್ ಅದನ್ನು ಅಸಿಂಧುವೆಂದಿತು. ಷರತ್ತನ್ನು ನ್ಯಾಯವಾದ ಅಳತೆಗೆ ಕಿರಿದು ಮಾಡಿಯಾದರೂ ಜಾರಿಗೊಳಿಸಿ ಎಂಬ ಮನವಿಗೆ ಶ್ರಾಪ್‌ಶೈರಿನಲ್ಲಿ ಹುಟ್ಟಿದ ಲಾರ್ಡ್ ಮೌಲ್ಟನ್ ಕೊಟ್ಟ ಉತ್ತರ ಈ ಇಡೀ ಚರಿತ್ರೆಯ ತಿರುಳು. ಯಜಮಾನರು ಬೆದರಿಸಲೆಂದೇ ಅತಿಯಾದ ಷರತ್ತು ಬರೆಸಿಕೊಳ್ಳುತ್ತಾರೆ, ವ್ಯಾಜ್ಯವಾದಾಗ ಕೋರ್ಟು ಅದರಿಂದ ಸಾಧ್ಯವಾದಷ್ಟನ್ನು ಕೆತ್ತಿಕೊಟ್ಟರೆ ಅವರಿಗೆ ನಷ್ಟವೇನೂ ಇಲ್ಲ. ಕೋರ್ಟಿನ ಖರ್ಚು ಭರಿಸಲಾರದ ಬಡ ನೌಕರರು ಮಾತ್ರ ಹೆದರಿಯೇ ಇರುತ್ತಾರೆ ಎಂಬುದು ಅವರ ವಾದ.

ಮೂರು ವರ್ಷಗಳ ನಂತರ, 1916ರಲ್ಲಿ, ಲೆಸ್ಟರ್‌ಶೈರಿನ ಲಫ್‌ಬರೋದ ಸರದಿ. ಕ್ರೇನ್, ಚೈನ್‌ಪುಲಿಗಳಂಥ ಭಾರ ಎತ್ತುವ ಯಂತ್ರ ತಯಾರಿಸುತ್ತಿದ್ದ ಹರ್ಬರ್ಟ್ ಮಾರಿಸ್ ಕಂಪನಿಗೆ ಸ್ಯಾಕ್ಸೆಲ್‌ಬಿ ಶಾಲೆ ಬಿಟ್ಟ ಕೂಡಲೇ ಸೇರಿದ್ದ. ನಕ್ಷೆ ಬರೆಯುವುದನ್ನೂ ಎಂಜಿನಿಯರಿಂಗನ್ನೂ ಅಲ್ಲೇ ಕಲಿತ. ಕೆಲಸ ಬಿಟ್ಟ ಮೇಲೆ ಏಳು ವರ್ಷ ಇಡೀ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಆ ಯಂತ್ರಗಳ ಉದ್ಯಮಕ್ಕೆ ಹೋಗಬಾರದೆಂದು ಷರತ್ತು. ಲಾರ್ಡ್ಸ್ ಇಲ್ಲಿ ಗೆರೆ ಎಳೆದರು. ವ್ಯಾಪಾರದ ಗುಟ್ಟು ಯಜಮಾನನದು, ಗಿರಾಕಿಗಳ ಸಂಬಂಧವೂ ಅವನದು; ಆದರೆ ಕೆಲಸ ಮಾಡುತ್ತ ಕೈಗೆ ಹತ್ತಿದ ಕುಶಲತೆ, ತಲೆಗೆ ಏರಿದ ಸಾಮಾನ್ಯ ತಿಳಿವಳಿಕೆ ನೌಕರನದೇ ಸ್ವತ್ತು. ಅದನ್ನು ಕಲಿಸಿದ್ದಕ್ಕೆ ಖರ್ಚಾಯಿತೆಂದು ಯಜಮಾನ ಅದರ ಮೇಲೆ ಹಕ್ಕು ಹೂಡುವಂತಿಲ್ಲ, ಬರಿಯ ಸ್ಪರ್ಧೆಯಿಂದ ತನ್ನನ್ನು ಕಾಪಾಡಿರೆಂದು ಕೇಳುವಂತೆಯೂ ಇಲ್ಲ. ಈ ಗೆರೆ ನೂರು ವರ್ಷಕ್ಕೂ ಮಿಕ್ಕಿ ಅಲುಗಿಲ್ಲ.

ಕಿಡರ್‌ಮಿನ್‌ಸ್ಟರಿನ ಆಟ್‌ವುಡ್ ಬಟ್ಟೆ ಅಂಗಡಿಯದು ಇನ್ನೂ ಸ್ವಾರಸ್ಯದ ಪ್ರಸಂಗ. ಲ್ಯಾಮಾಂಟ್ ಅಲ್ಲಿ ದರ್ಜಿ ವಿಭಾಗದ ಕಟಿಂಗ್ ಮಾಸ್ಟರ್. ಅವನಿಂದ ಬರೆಸಿಕೊಂಡ ಷರತ್ತಿನಲ್ಲಿ ದರ್ಜಿ ಕೆಲಸ ಮಾತ್ರವಲ್ಲ; ಹೆಂಗಸರ ಉಡುಪು, ಜವಳಿ, ಟೋಪಿ, ಮಕ್ಕಳ ಬಟ್ಟೆ ಹೀಗೆ ಅಂಗಡಿಯ ಎಲ್ಲ ವಿಭಾಗಗಳ ಪಟ್ಟಿಯೇ ಇತ್ತು; ಊರಿನ ಸುತ್ತ ಹತ್ತು ಮೈಲಿ ಅವನು ಅವುಗಳಲ್ಲಿ ಒಂದನ್ನೂ ಮುಟ್ಟುವಂತಿರಲಿಲ್ಲ. ಲ್ಯಾಮಾಂಟ್ ಗಡಿಯಾಚೆಯ ವುಸ್ಟರಿನಲ್ಲಿ ಅಂಗಡಿ ಇಟ್ಟು, ಕಿಡರ್‌ಮಿನ್‌ಸ್ಟರಿಗೇ ಬಂದು ಅಳತೆ ತೆಗೆದುಕೊಂಡು ಹೋಗತೊಡಗಿದ. ನೀಲಿ ಪೆನ್ಸಿಲಿನಿಂದ ಉಳಿದ ಕಸುಬುಗಳನ್ನು ಹೊಡೆದುಹಾಕಿ ದರ್ಜಿ ಎಂಬ ಒಂದು ಪದ ಉಳಿಸಿದರೆ ಷರತ್ತು ನಿಲ್ಲುತ್ತದೆ ಎಂದು ಕೆಳಗಿನ ಪೀಠ ಒಪ್ಪಿತು. 1920ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ: ಇದು ಬಿಡಿಬಿಡಿ ವಚನಗಳ ಕಟ್ಟಲ್ಲ, ಇಡೀ ವ್ಯಾಪಾರವನ್ನು ಕಾಯುವ ಒಂದೇ ವಚನ, ಬಿದ್ದರೆ ಪೂರ್ತಿ ಬೀಳಬೇಕು. ಮೌಲ್ಟನ್ ಹೇಳಿದ ನೀತಿಗೆ ಹಲ್ಲು ಬಂದದ್ದು ಈ ದರ್ಜಿಯ ಮೊಕದ್ದಮೆಯಲ್ಲಿ.

ಎಲ್ಲ ತೀರ್ಪುಗಳೂ ನೌಕರರ ಪರವಾಗಿರಲಿಲ್ಲ. ಮರುವರ್ಷವೇ, ಟ್ಯಾಮ್‌ವರ್ತಿನ ಸಾಲಿಸಿಟರೊಬ್ಬರ ಕಚೇರಿಗೆ ಬಾಲಕನಾಗಿ ಸೇರಿ ಮುಖ್ಯ ಗುಮಾಸ್ತನಾಗಿ ಬೆಳೆದ ಫಿಚ್ ಸೋತ. ಪುರಭವನದಿಂದ ಏಳು ಮೈಲಿಯೊಳಗೆ ಬದುಕಿರುವವರೆಗೂ ಆ ವೃತ್ತಿ ಮಾಡಬಾರದೆಂಬ ಷರತ್ತನ್ನು ಲಾರ್ಡ್ಸ್ ಎತ್ತಿಹಿಡಿದರು. ಸಣ್ಣ ಊರಿನಲ್ಲಿ ಕಕ್ಷಿದಾರರ ನಂಬಿಕೆಯೆಲ್ಲ ಗುಮಾಸ್ತನ ಮುಖದ ಮೇಲೇ ನಿಂತಿರುತ್ತದೆ. ಜಾಗ ಕಿರಿದಾದ್ದರಿಂದ ಕಾಲ ಹಿರಿದಾಗಬಹುದು ಎಂಬ ತರ್ಕ. ಏಳು ಮೈಲಿ ಆಚೆ ಹೋದರೆ ಸಾಕಲ್ಲ ಎಂದು ಹೇಳುವುದು ಸುಲಭ. ಹುಟ್ಟಿ ಬೆಳೆದ ಊರಿನಿಂದ ಗಡೀಪಾರಾದವನ ಕಷ್ಟ ಆ ತಕ್ಕಡಿಗೆ ಬೀಳಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮೈಲಿಕಲ್ಲುಗಳ ಕಾಲ ಮುಗಿದದ್ದು ಅಂಚೆ ವ್ಯಾಪಾರ ಬಂದ ಮೇಲೆ. ಲಿವರ್‌ಪೂಲಿನ ಲಿಟಲ್‌ವುಡ್ಸ್ ಮತ್ತು ಮ್ಯಾಂಚೆಸ್ಟರಿನಲ್ಲಿ ಬೇರು ಬಿಟ್ಟಿದ್ದ ಗ್ರೇಟ್ ಯೂನಿವರ್ಸಲ್ ಸ್ಟೋರ್ಸ್ ಕ್ಯಾಟಲಾಗ್ ವ್ಯಾಪಾರದಲ್ಲಿ ಬದ್ಧ ಸ್ಪರ್ಧಿಗಳು. ಇವೆರಡು ನಗರಗಳ ನಡುದಾರಿಯಲ್ಲೇ ಬರ್ಚ್‌ವುಡ್ ಇರುವುದು. ಲಿಟಲ್‌ವುಡ್ಸ್‌ನ ಮುಂದಿನ ಕ್ಯಾಟಲಾಗಿನ ಯೋಜನೆಯನ್ನೆಲ್ಲ ಬಲ್ಲ ಹ್ಯಾರಿಸ್ ಎಂಬ ಅಧಿಕಾರಿ ಆ ಸ್ಪರ್ಧಿಯ ಕಡೆಗೇ ಹೊರಟಾಗ, 1977ರಲ್ಲಿ ಮೇಲ್ಮನವಿ ನ್ಯಾಯಾಲಯದ ಲಾರ್ಡ್ ಡೆನಿಂಗ್ 12 ತಿಂಗಳ ನಿರ್ಬಂಧವನ್ನು ಎತ್ತಿಹಿಡಿದರು. ಗುಟ್ಟು ಬಯಲು ಮಾಡಬೇಡ ಎಂಬ ಷರತ್ತು ಮಾತ್ರ ಸಾಲದು. ಗುಟ್ಟು ಯಾವುದು, ಸಾಮಾನ್ಯ ತಿಳಿವಳಿಕೆ ಯಾವುದು ಎಂದು ಬೇರ್ಪಡಿಸುವುದೂ ಕಷ್ಟ, ಉಲ್ಲಂಘನೆಯನ್ನು ಸಾಬೀತು ಮಾಡುವುದೂ ಕಷ್ಟ. ಆದ್ದರಿಂದ ಅಲ್ಲಿಗೆ ಹೋಗುವುದನ್ನೇ ತಡೆಯಬೇಕು ಎಂದರು. ವ್ಯಾಪಾರದ ಹಿತ ಕಾಯುವವರ ಪರವಾಗಿ ಇದಕ್ಕಿಂತ ಬಲವಾದ ವಾದವಿಲ್ಲ. ಆದರೆ ವಿಶ್ವದ ಯಾವ ಮೂಲೆಗೂ ಅನ್ವಯಿಸುವಂತೆ ಬರೆದಿದ್ದ ಆ ಷರತ್ತನ್ನು ಬ್ರಿಟನ್ನಿನ ಅಂಚೆ ವ್ಯಾಪಾರಕ್ಕಷ್ಟೇ ಎಂದು ಕಿರಿದಾಗಿಸಿ ಓದಿ ಉಳಿಸಿದ್ದೂ ಡೆನಿಂಗರೇ. ಪೆನ್ಸಿಲು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು.

2019ರ ಜುಲೈನಲ್ಲಿ ಅದು ಮುಂಬಾಗಿಲಿನಿಂದಲೇ ಬಂತು. ಟಿಲ್‌ಮನ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಸ್ಪರ್ಧಿ ಕಂಪನಿಯ ಷೇರನ್ನೂ ಹೊಂದದಂತೆ ತಡೆಯುತ್ತಿದ್ದ ಎರಡು ಮೂರು ಪದಗಳನ್ನು ಕಿತ್ತು ಉಳಿದ ಆರು ತಿಂಗಳ ನಿರ್ಬಂಧವನ್ನು ಸಿಂಧು ಮಾಡಿತು, ಕಿಡರ್‌ಮಿನ್‌ಸ್ಟರಿನ ತೀರ್ಪನ್ನು 99 ವರ್ಷಗಳ ನಂತರ ರದ್ದುಪಡಿಸಿತು. ಕಾನೂನಿನ ಅಚ್ಚುಕಟ್ಟಿಗೆ ಇದು ಒಳ್ಳೆಯದೇ ಇರಬಹುದು. ಅತಿಯಾಗಿ ಬರೆಸಿಕೊಂಡರೆ ಎಲ್ಲವನ್ನೂ ಕಳೆದುಕೊಳ್ಳುವ ಭಯ ಮಾತ್ರ ಯಜಮಾನರಿಗೆ ಕಡಿಮೆಯಾಯಿತು.

ಬೆಂಗಳೂರಿನಿಂದ ಬರ್ಚ್‌ವುಡ್‌ಗೆ ಬರುವ ಎಂಜಿನಿಯರಿಗೆ ಇದೆಲ್ಲ ಹೊಸದು, ಏಕೆಂದರೆ ನಮ್ಮ ಕಾನೂನು 1872ರಲ್ಲೇ ಬೇರೆ ದಾರಿ ಹಿಡಿಯಿತು. ಭಾರತೀಯ ಕರಾರು ಅಧಿನಿಯಮದ 27ನೇ ಕಲಂ ತೂಗುವುದೇ ಇಲ್ಲ. ವ್ಯಾಪಾರದ ಗುಡ್‌ವಿಲ್ ಮಾರಾಟವೊಂದನ್ನು ಬಿಟ್ಟು ಉಳಿದ ನಿರ್ಬಂಧವೆಲ್ಲ ಶೂನ್ಯ ಎನ್ನುತ್ತದೆ. ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಬರೆದ ಸಂಹಿತೆಯ ಕರಡೇ ಅದಕ್ಕೆ ಮಾದರಿ. ಅದೇ ವರ್ಷ ಅದೇ ಕರಡಿನಿಂದ ಕ್ಯಾಲಿಫೋರ್ನಿಯವೂ ಕಾನೂನು ಮಾಡಿಕೊಂಡಿತು. ಸಿಲಿಕಾನ್ ವ್ಯಾಲಿಗೂ ಬೆಂಗಳೂರಿಗೂ ಈ ವಿಷಯದಲ್ಲಿ ಮೂಲಪುರುಷ ಒಬ್ಬನೇ. ಕೆಲಸದಲ್ಲಿರುವಾಗಿನ ನಿರ್ಬಂಧ ಸಿಂಧು ಎಂದು 1967ರ ಗೋಲಿಕರಿ ಪ್ರಕರಣ ಸ್ಪಷ್ಟಪಡಿಸಿತು; ಬಿಟ್ಟ ಮೇಲಿನದು ಅಸಿಂಧು ಎನ್ನುವುದಕ್ಕೆ 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣವನ್ನು ಆಧಾರವಾಗಿ ಉಲ್ಲೇಖಿಸುತ್ತಾರೆ.

ಹಾಗಿದ್ದೂ ನಮ್ಮ ನೇಮಕಪತ್ರಗಳಿಂದ ಷರತ್ತು ಮಾಯವಾಗಿಲ್ಲ. ಪ್ರತಿಸ್ಪರ್ಧಿಗಳ ಹೆಸರು ಹಿಡಿದೇ ಆರು ತಿಂಗಳು ತಡೆಯುವ ಇನ್ಫೋಸಿಸ್‌ನ ಷರತ್ತಿನ ವಿರುದ್ಧ 2022ರಲ್ಲಿ ಐಟಿ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತ್ತು. ನೌಕರನನ್ನು ಹಿಡಿದಿಡಲು ಯಜಮಾನರಿಗೆ ಇನ್ನೊಂದು ದಾರಿಯೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂದು ಬಾಂಡ್ ಬರೆಸಿಕೊಂಡಿತ್ತು. ಕರ್ನಾಟಕ ಹೈಕೋರ್ಟು ನೌಕರನ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಇದು ಕಸುಬಿಗೆ ತಡೆಯಲ್ಲ, ಸೇವಾವಧಿಯೊಳಗಿನ ಕಟ್ಟಳೆ ಎಂದಿತು. ಹೋಗಬೇಡ ಎನ್ನುವಂತಿಲ್ಲ, ಹೋಗುವುದಾದರೆ ಹಣ ಕಟ್ಟು ಎನ್ನಬಹುದು.

ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ನೌಕರರು ಇಂಥ ಷರತ್ತಿಗೆ ಸಹಿ ಹಾಕಿದ್ದಾರೆಂದು 2023ರ ಮೇ ತಿಂಗಳಲ್ಲಿ ಸರ್ಕಾರವೇ ಅಂದಾಜು ಕೊಟ್ಟು, ಅವಧಿಯನ್ನು ಮೂರು ತಿಂಗಳಿಗೆ ಮಿತಗೊಳಿಸುವುದಾಗಿ ಘೋಷಿಸಿತು. ಮರುವರ್ಷದ ಚುನಾವಣೆಯಲ್ಲಿ ಆ ಸರ್ಕಾರ ಹೋಯಿತು, ಮಿತಿ ಕಾನೂನಾಗಲಿಲ್ಲ. ಮೂರು ತಿಂಗಳಾಗಲಿ ಹನ್ನೆರಡಾಗಲಿ, ಮಿತಿಮೀರಿ ಬರೆಸಿಕೊಂಡವನಿಗೆ ಏನು ದಂಡ ಎಂಬುದನ್ನು ಹೇಳದೆ ತಿಂಗಳು ಎಣಿಸಿದರೆ, ಕೋರ್ಟಿಗೆ ಹೋಗಲಾರದ ನೌಕರನ ಸ್ಥಿತಿ ಮೌಲ್ಟನ್ 1913ರಲ್ಲಿ ಕಂಡಂತೆಯೇ ಉಳಿಯುತ್ತದೆ.