ಅರ್ಜಿಪೂರ್ವ ಲೋಕಪ್ರಚಾರ: ಹೊಸ ಡೊಮೇನ್ ವಿಸ್ತರಣೆಗಳು

ಅಂತರಜಾಲದ ವಿಳಾಸಗಳ ಕೊನೆಯಲ್ಲಿ ಕಾಣಬರುವ ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಮುಂತಾದ ಅಂತ್ಯನಾಮಗಳಿಗೆ ಡೊಮೇನ್ ವಿಸ್ತರಣೆಗಳೆಂದೂ, ಶಾಸ್ತ್ರಕಾರರ ಪರಿಭಾಷೆಯಲ್ಲಿ ಉನ್ನತಸ್ತರದ ಡೊಮೇನುಗಳೆಂದೂ ಹೆಸರು. ಇಂತಹ ಹೊಸ ಅಂತ್ಯನಾಮಗಳನ್ನು ನಡೆಸುವ ಹಕ್ಕಿಗಾಗಿ ಅರ್ಜಿಗಳನ್ನು ಆಹ್ವಾನಿಸುವುದಕ್ಕೆ ಮುಂಚಿತವಾಗಿ, ಹೀಗೊಂದು ಅವಕಾಶ ಉಂಟೆಂಬುದನ್ನೂ ಅದರ ನಿಯಮ, ವೆಚ್ಚ, ಹೊಣೆ, ಅಪಾಯಗಳು ಎಂತಹವೆಂಬುದನ್ನೂ ಜಗತ್ತಿನ ಸರ್ಕಾರಗಳಿಗೆ, ಸಂಸ್ಥೆಗಳಿಗೆ, ಭಾಷಾಸಮುದಾಯಗಳಿಗೆ ಕ್ರಮವಾಗಿ ತಿಳಿಯಪಡಿಸುವ ಕಾರ್ಯವೇ ಅರ್ಜಿಪೂರ್ವ ಲೋಕಪ್ರಚಾರವೆನಿಸುತ್ತದೆ. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಈ ಅಂತ್ಯನಾಮಗಳೆಲ್ಲ ದಾಖಲಾಗುವ ಮೂಲಕೋಷ್ಠಕದ ನೀತಿಯನ್ನು ನಿರ್ವಹಿಸುತ್ತಿರುವುದರಿಂದ ಈ ಪ್ರಚಾರದ ಭಾರವೂ ಅದರ ಮೇಲೆಯೇ ಬಿದ್ದಿದೆ.

ಡಾಟ್ ಕಾಮ್‌ನ ಅಡಿಯಲ್ಲಿ ಒಂದು ಹೆಸರನ್ನು ಕೊಳ್ಳುವುದಕ್ಕೂ ಸ್ವತಃ ಒಂದು ವಿಸ್ತರಣೆಯ ಒಡೆತನವನ್ನು ಪಡೆಯುವುದಕ್ಕೂ ಇರುವ ಅಂತರವು ಪೇಟೆಬೀದಿಯಲ್ಲಿ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿಯುವುದಕ್ಕೂ ಪೇಟೆಯನ್ನೇ ಕಟ್ಟಿ ನಡೆಸುವುದಕ್ಕೂ ಇರುವಷ್ಟೇ ದೊಡ್ಡದು. ಮೊದಲನೆಯದಕ್ಕೆ ಕೆಲವು ನೂರು ರೂಪಾಯಿಗಳೂ ಕೆಲವು ನಿಮಿಷಗಳೂ ಸಾಕು. ಎರಡನೆಯದಕ್ಕೆ ಲಕ್ಷಾಂತರ ಡಾಲರುಗಳ ಶುಲ್ಕ, ಅಹೋರಾತ್ರಿ ನಿಲ್ಲದೆ ನಡೆಯಬೇಕಾದ ತಾಂತ್ರಿಕ ವ್ಯವಸ್ಥೆ, ಹಣಕಾಸಿನ ಭದ್ರತೆ, ಹತ್ತು ವರ್ಷಗಳ ಕರಾರು ಇವೆಲ್ಲವೂ ಬೇಕು. ಇಷ್ಟನ್ನು ಹೊಂದಿಸಿಕೊಳ್ಳಲು ಒಂದು ವಿಶ್ವವಿದ್ಯಾನಿಲಯಕ್ಕಾಗಲಿ ಸಾಹಿತ್ಯಸಂಸ್ಥೆಗಾಗಲಿ ನಗರಸಭೆಗಾಗಲಿ ತಿಂಗಳುಗಟ್ಟಲೆ ಚರ್ಚೆ ನಡೆಯಬೇಕು, ನಿರ್ಣಯಗಳಾಗಬೇಕು, ಆಯವ್ಯಯದಲ್ಲಿ ಹಣ ತೆಗೆದಿರಿಸಬೇಕು. ಆದುದರಿಂದ ಈ ವಿಷಯದಲ್ಲಿ ತಡವಾಗಿ ಕೇಳಿದುದು ಕೇಳದೇ ಇದ್ದುದಕ್ಕೆ ಸಮಾನ.

ಆರಂಭದಲ್ಲಿ ಇಂತಹ ಪ್ರಚಾರದ ಅಗತ್ಯವೇ ತೋರಲಿಲ್ಲ. 2000ದಲ್ಲಿ ಡಾಟ್ ಇನ್ಫೋ, ಡಾಟ್ ಬಿಜ್, ಡಾಟ್ ಮ್ಯೂಸಿಯಂ ಮೊದಲಾದ ಏಳು ವಿಸ್ತರಣೆಗಳು ಆಯ್ಕೆಯಾದುವು. ಅನಂತರ ನಡೆದ ಅರ್ಜಿಗಳ ಸಣ್ಣ ಸುತ್ತೊಂದರಲ್ಲಿ ಡಾಟ್ ಏಷ್ಯಾ, ಕ್ಯಾಟಲಾನ್ ಭಾಷಿಕರ ಡಾಟ್ ಕ್ಯಾಟ್ ಮುಂತಾದುವು ಬಂದುವು. ಅರ್ಜಿದಾರರು ಬಹುಮಟ್ಟಿಗೆ ಐಕ್ಯಾನ್ ಸಭೆಗಳಿಗೆ ಹೋಗಿಬರುತ್ತಿದ್ದ ಪರಿಚಿತ ವಲಯದವರೇ ಆಗಿದ್ದುದರಿಂದ ಸುದ್ದಿಯನ್ನು ಹೊರಗೆ ಸಾರುವ ಪ್ರಶ್ನೆ ಯಾರನ್ನೂ ಬಾಧಿಸಲಿಲ್ಲ. ಎಷ್ಟು ಹೆಸರುಗಳಿಗಾದರೂ ಎಡೆಯಿರಬೇಕೆಂಬ ವಿಶಾಲ ನೀತಿಯನ್ನು 2005ರಿಂದ 2007ರವರೆಗೆ ರೂಪಿಸಿದಾಗ ಮಾತ್ರ ಪ್ರಚಾರವು ನಿಯಮದ ರೂಪವನ್ನು ತಾಳಿತು. ನಿಯಮಾವಳಿ ಪ್ರಕಟವಾದ ಮೇಲೆ ಕನಿಷ್ಠ ನಾಲ್ಕು ತಿಂಗಳು ಕಳೆಯದೆ ಅರ್ಜಿಗಳನ್ನು ಸ್ವೀಕರಿಸಕೂಡದು, ಸುತ್ತಿನ ಆರಂಭವನ್ನು ಐಕ್ಯಾನ್ ತಾನೇ ಸಾರಬೇಕು ಎಂದು ಆ ನೀತಿಯ ಅನುಷ್ಠಾನಸೂತ್ರಗಳು ಹೇಳಿದುವು. ಇಂಗ್ಲಿಷ್ ಅಲ್ಲದ ಪ್ರಮುಖ ಭಾಷೆಗಳಲ್ಲಿ ಮಾಹಿತಿಯನ್ನು ಒದಗಿಸಬಹುದು, ಹಿಂದುಳಿದ ದೇಶಗಳವರಿಗೆ ಶುಲ್ಕದಲ್ಲಿ ರಿಯಾಯಿತಿ ತೋರಬಹುದು ಎಂಬ ಸೂತ್ರಗಳೂ ಅಲ್ಲಿದ್ದುವು. ಮೊದಲಿನವು ‘ಬೇಕು’ ಎಂದೂ ಕೊನೆಯವು ‘ಬಹುದು’ ಎಂದೂ ಮುಗಿದುದರ ಫಲವನ್ನು ಮುಂದೆ ಕಾಣಬಹುದಾಗಿದೆ.

2011ರ ಜೂನ್ 20ರಂದು ಸಿಂಗಾಪುರದಲ್ಲಿ ನಡೆದ ಸಭೆಯಲ್ಲಿ ಐಕ್ಯಾನ್‌ನ ಆಡಳಿತಮಂಡಲಿ ಹೊಸ ಸುತ್ತಿಗೆ ಸಮ್ಮತಿಯಿತ್ತಿತು. 2012ರ ಜನವರಿ 12ರಿಂದ ಏಪ್ರಿಲ್ 12ರವರೆಗೆ ಅರ್ಜಿಗಳನ್ನು ತೆಗೆದುಕೊಳ್ಳುವುದೆಂದು ಗೊತ್ತಾಯಿತು. ನಡುವಣ ತಿಂಗಳುಗಳಲ್ಲಿ ಅಂದಿನ ಮುಖ್ಯಾಧಿಕಾರಿ ರಾಡ್ ಬೆಕ್‌ಸ್ಟ್ರಾಮ್ ಅವರೂ ಸಿಬ್ಬಂದಿಯೂ ಹಲವು ದೇಶಗಳಲ್ಲಿ ಸಂಚರಿಸಿ ಸಭೆಗಳನ್ನು ನಡೆಸಿದರು. ಅರ್ಜಿದಾರರ ಮಾರ್ಗದರ್ಶಿಯು ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ ಹೊರಬಂದಿತು. ತಾನು ಮಾಹಿತಿಯನ್ನು ನೀಡುತ್ತಿರುವುದೇ ಹೊರತು ಯಾರನ್ನೂ ಅರ್ಜಿ ಹಾಕಿರೆಂದು ಪ್ರೇರಿಸುತ್ತಿಲ್ಲವೆಂಬುದು ಸಂಸ್ಥೆಯ ನಿಲವಾಗಿದ್ದಿತು. ಈ ನಿಲವು ಕೇವಲ ವಿನಯದಿಂದ ಬಂದುದಲ್ಲ. ಪ್ರತಿಯೊಂದು ಅರ್ಜಿಗೂ 1,85,000 ಡಾಲರುಗಳ ಶುಲ್ಕವನ್ನು ಪಡೆಯುವ ಸಂಸ್ಥೆಯೇ ಅರ್ಜಿಗಳನ್ನು ಹುರಿದುಂಬಿಸಿದರೆ ಅದನ್ನು ಪ್ರಚಾರವೆನ್ನಬೇಕೋ ವ್ಯಾಪಾರವೆನ್ನಬೇಕೋ ಎಂಬ ಆಕ್ಷೇಪ ಬರುವುದು ಸಹಜ. ಶುಲ್ಕವು ವೆಚ್ಚದ ಭರ್ತಿಗಾಗಿ ಮಾತ್ರ ಎಂಬ ಸಮಾಧಾನವನ್ನು ಎಲ್ಲರೂ ಒಪ್ಪುವಂತಿರಲಿಲ್ಲ. ಅಮೆರಿಕದ ಜಾಹೀರಾತುದಾರರ ರಾಷ್ಟ್ರೀಯ ಸಂಘವು, ತಮ್ಮ ವ್ಯಾಪಾರಮುದ್ರೆಗಳ ರಕ್ಷಣೆಗೆಂದೇ ಕಂಪನಿಗಳು ಬೇಡದ ಹೆಸರುಗಳಿಗಾಗಿ ಹಣ ಚೆಲ್ಲಬೇಕಾಗುತ್ತದೆಂದು ಈ ಯೋಜನೆಯನ್ನು ಬಲವಾಗಿ ವಿರೋಧಿಸಿತು; 2011ರ ಡಿಸೆಂಬರಿನಲ್ಲಿ ಅಲ್ಲಿನ ಸೆನೆಟ್ಟಿನ ಸಮಿತಿಯೊಂದರ ಮುಂದೆ ವಿಚಾರಣೆಯೂ ನಡೆಯಿತು. ವಿಪರ್ಯಾಸವೆಂದರೆ, ಯೋಜನೆಯ ಸುದ್ದಿಯನ್ನು ಅಮೆರಿಕದ ಮೂಲೆಮೂಲೆಗೆ ಮುಟ್ಟಿಸಿದುದರಲ್ಲಿ ಐಕ್ಯಾನ್‌ನ ಸಭೆಗಳಷ್ಟೇ ಪಾಲು ಈ ವಿರೋಧದ ಕೋಲಾಹಲಕ್ಕೂ ಸಲ್ಲಬೇಕು. ಆಫ್ರಿಕಕ್ಕೆ ಅಂತಹ ಕೋಲಾಹಲದ ಭಾಗ್ಯವೂ ಇರಲಿಲ್ಲ.

ಅರ್ಜಿಗಳ ಗಣಕವ್ಯವಸ್ಥೆಯಲ್ಲಿ ಒಬ್ಬರ ಕಡತದ ಹೆಸರು ಮತ್ತೊಬ್ಬರಿಗೆ ಕಾಣಿಸುವ ದೋಷವು ಕೊನೆಯ ಗಳಿಗೆಯಲ್ಲಿ ಬಯಲಾದುದರಿಂದ ಅಂತಿಮ ದಿನವನ್ನು ಮೇ 30ಕ್ಕೆ ಮುಂದೂಡಬೇಕಾಯಿತು. ಜೂನ್ 13ರಂದು ಲಂಡನ್ನಿನಲ್ಲಿ ಪಟ್ಟಿಯನ್ನು ಬಹಿರಂಗಪಡಿಸಿದಾಗ ಒಟ್ಟು 1,930 ಅರ್ಜಿಗಳು ಬಂದಿದ್ದುದು ತಿಳಿದುಬಂದಿತು. ಅವುಗಳಲ್ಲಿ ಉತ್ತರ ಅಮೆರಿಕದವು 911, ಯೂರೋಪಿನವು 675, ಏಷ್ಯಾ-ಪೆಸಿಫಿಕ್ ವಲಯದವು 303. ಲ್ಯಾಟಿನ್ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳಿಂದ ಬಂದವು 24, ಸಮಸ್ತ ಆಫ್ರಿಕದಿಂದ ಕೇವಲ 17. ಲ್ಯಾಟಿನ್ನೇತರ ಲಿಪಿಗಳ ಹೆಸರುಗಳನ್ನು ಕೋರಿದವು 116. ಆದರೂ 2013ರ ಅಕ್ಟೋಬರಿನಲ್ಲಿ ಮೂಲಕೋಷ್ಠಕಕ್ಕೆ ಸೇರಿದ ಮೊದಲ ನಾಲ್ಕು ಹೆಸರುಗಳು ಅರಬ್ಬಿ, ಸಿರಿಲಿಕ್ ಮತ್ತು ಚೀನೀ ಲಿಪಿಗಳವಾಗಿದ್ದುವೆಂಬುದು ಉಲ್ಲೇಖಾರ್ಹ. ಬಡತನವೊಂದೇ ಖಂಡಗಳ ನಡುವಣ ಆ ಅಸಮತೆಗೆ ಕಾರಣವೆಂದು ಹೇಳಿ ಮುಗಿಸುವುದು ಸರಿಯಾಗಲಾರದು. ಅರ್ಜಿಯ ವೆಚ್ಚವನ್ನು ಭರಿಸಬಲ್ಲ ಬ್ಯಾಂಕುಗಳೂ ದೂರವಾಣಿ ಕಂಪನಿಗಳೂ ಮಹಾನಗರಗಳೂ ದಕ್ಷಿಣದ ಖಂಡಗಳಲ್ಲಿ ಇಲ್ಲದಿರಲಿಲ್ಲ. ಇಂತಹ ವಿಸ್ತರಣೆಯಿಂದ ಅವರಿಗೆ ಆಗಬಹುದಾದ ಪ್ರಯೋಜನವೇನೆಂದು ಅವರ ಮಾತಿನಲ್ಲಿ, ಅವರ ವೃತ್ತಿಯ ಉದಾಹರಣೆಗಳಿಂದ ವಿವರಿಸಿ ಹೇಳಿದವರು ಅಲ್ಲಿ ವಿರಳರಾಗಿದ್ದರು.

ಬಡ ಅರ್ಜಿದಾರರಿಗೆಂದು ರೂಪಿಸಿದ್ದ ನೆರವಿನ ಯೋಜನೆಯ ಕಥೆ ಇನ್ನೂ ಬೋಧಪ್ರದವಾದುದು. 20 ಲಕ್ಷ ಡಾಲರುಗಳ ನಿಧಿಯನ್ನು ಮೀಸಲಿರಿಸಿ, ಅರ್ಹರಿಗೆ ಶುಲ್ಕವನ್ನು 47,000 ಡಾಲರಿಗೆ ಇಳಿಸುವ ಏರ್ಪಾಡಾಗಿದ್ದಿತು. ಆದರೆ ಅದರ ಅಂತಿಮ ಸ್ವರೂಪಕ್ಕೆ ಆಡಳಿತಮಂಡಲಿಯ ಒಪ್ಪಿಗೆ ದೊರೆತದ್ದು 2011ರ ಡಿಸೆಂಬರಿನಲ್ಲಿ, ಎಂದರೆ ಅರ್ಜಿಗಳ ಬಾಗಿಲು ತೆರೆಯುವುದಕ್ಕೆ ಸುಮಾರು ಒಂದು ತಿಂಗಳ ಮುಂಚೆ. ನೆರವನ್ನು ಕೋರಿದವರು ಜಗತ್ತಿನಲ್ಲೆಲ್ಲ ಮೂವರು. ಅರ್ಹತೆ ಪಡೆದುದು ಡಾಟ್ ಕಿಡ್ಸ್ ಎಂಬ ಹೆಸರನ್ನು ಬಯಸಿದ ಪ್ರತಿಷ್ಠಾನವೊಂದೇ. ಶ್ರೀಮಂತರಿಗೆ ಸಿಕ್ಕ ನಾಲ್ಕು ತಿಂಗಳ ಸೂಚನೆಯೂ ಬಡವರಿಗೆ ಸಿಗಲಿಲ್ಲವೆಂಬುದು ಈ ಸುತ್ತಿನ ಅತ್ಯಂತ ದೊಡ್ಡ ಲೋಪವೆಂದು ನಿಸ್ಸಂಕೋಚವಾಗಿ ಹೇಳಬಹುದು.

ಸುತ್ತಿನ ಫಲಾಫಲಗಳನ್ನು ಪರಿಶೀಲಿಸಿ 2018ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿದ ಪರಾಮರ್ಶನ ತಂಡವೂ ದಕ್ಷಿಣ ದೇಶಗಳ ಪಾಲ್ಗೊಳ್ಳುವಿಕೆಯನ್ನು ವಿಶೇಷವಾಗಿ ಚರ್ಚಿಸಿತು. ಮುಂದಿನ ಸುತ್ತಿನ ನೀತಿಯನ್ನು ರಚಿಸಲು 2016ರಿಂದ ಐದು ವರ್ಷ ಶ್ರಮಿಸಿದ ಕಾರ್ಯಕಾರಿ ಮಂಡಲಿಯು ಪ್ರಚಾರದ ಅವಧಿ ಈ ಬಾರಿ ಆರು ತಿಂಗಳಿಗೆ ಕಡಿಮೆಯಿರಬಾರದೆಂದೂ, ಮಾರ್ಗದರ್ಶಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಅರ್ಜಿಗಳನ್ನು ಆರಂಭಿಸಬಾರದೆಂದೂ ಅಭಿಪ್ರಾಯಪಟ್ಟಿತು. ನೆರವಿನ ಯೋಜನೆಯನ್ನು 2024ರ ನವೆಂಬರ್ 19ರಂದೇ ತೆರೆದು, ಅರ್ಹರಿಗೆ ಶೇಕಡಾ 75ರಿಂದ 85ರವರೆಗೆ ರಿಯಾಯಿತಿಯನ್ನು ಘೋಷಿಸಿದುದು ಹಿಂದಿನ ಪಾಠವನ್ನು ಕಲಿತುದರ ಕುರುಹು: ಒಂದು ತಿಂಗಳಿದ್ದ ಅವಕಾಶ ಒಂದು ವರ್ಷವನ್ನು ಮೀರಿತು.

ಕನ್ನಡಿಗರಿಗೆ ಈ ವಿಷಯದಲ್ಲಿ ನೇರವಾದ ಸಂಬಂಧವೊಂದುಂಟು. ಭಾರತದ ದೇಶಸೂಚಕ ವಿಸ್ತರಣೆಯು ‘.ಭಾರತ’ ಎಂದು ಕನ್ನಡ ಲಿಪಿಯಲ್ಲಿಯೂ ಲಭ್ಯವಿದೆಯಾದರೂ ಅದು ಸರ್ಕಾರದ ಅಧೀನದ ವ್ಯವಸ್ಥೆ. ಇತರ ಕನ್ನಡ ಪದಗಳಿಗೆ ವಿಸ್ತರಣೆಯ ಪದವಿ ದೊರೆಯಬೇಕಾದರೆ ಇಂತಹ ಸುತ್ತಿನಲ್ಲಿ ಯಾರಾದರೂ ಅರ್ಜಿ ಸಲ್ಲಿಸಲೇಬೇಕು. ಅದಕ್ಕೆ ಬೇಕಾದ ಲಿಪಿನಿಯಮಗಳನ್ನು ನವಬ್ರಾಹ್ಮೀ ಸಮಿತಿಯೆಂಬ ವಿದ್ವನ್ಮಂಡಲಿಯು ದೇವನಾಗರಿ, ತೆಲುಗು, ತಮಿಳು ಮೊದಲಾದ ಎಂಟು ಲಿಪಿಗಳ ಜೊತೆಯಲ್ಲಿ ಕನ್ನಡಕ್ಕೂ ಸಿದ್ಧಪಡಿಸಿತು. 2019ರಲ್ಲಿ ಕನ್ನಡದ ನಿಯಮಗಳು ಮೂಲಕೋಷ್ಠಕದ ನಿಯಮಗಳಲ್ಲಿ ಸೇರಿದುವು. ಕನ್ನಡ ಮತ್ತು ತೆಲುಗಿನ ಎಷ್ಟೋ ಅಕ್ಷರಗಳು ಕಣ್ಣಿಗೆ ಒಂದೇ ಆಗಿ ತೋರುವುದರಿಂದ ಆ ನಿಯಮಗಳು ಅವುಗಳನ್ನು ಪರಸ್ಪರ ರೂಪಾಂತರಗಳೆಂದು ಗಣಿಸುತ್ತವೆ. ಇಂತಹ ಅಕ್ಷರಗಳಿಂದಲೇ ಕೂಡಿದ ಹೆಸರೊಂದನ್ನು ತೆಲುಗಿನಲ್ಲಿ ಒಬ್ಬರು ಪಡೆದರೆ, ಅದರ ಕನ್ನಡ ಪ್ರತಿರೂಪವು ಬೇರೊಬ್ಬರ ಪಾಲಾಗುವಂತಿಲ್ಲ. ಕನ್ನಡದವರು ಮೊದಲು ಪಡೆದರೂ ಹಾಗೆಯೇ. ಆದುದರಿಂದ ಸುದ್ದಿಯು ಹೈದರಾಬಾದಿಗೆ ಮುಟ್ಟಿ ಬೆಂಗಳೂರಿಗೆ ಮುಟ್ಟದಿದ್ದರೆ, ಅಥವಾ ಬೆಂಗಳೂರಿಗೆ ಮುಟ್ಟಿ ಹೈದರಾಬಾದಿಗೆ ಮುಟ್ಟದಿದ್ದರೆ, ಕೇಳದೇ ಉಳಿದವರ ಹಕ್ಕಿಗೆ ಚ್ಯುತಿ ಬರುತ್ತದೆ. ವಿಶ್ವಸಂಸ್ಥೆಯ ಆರು ಭಾಷೆಗಳನ್ನೇ ಆಧಾರವಾಗಿಟ್ಟುಕೊಂಡ ಪ್ರಚಾರವು ಇಂತಹ ಸೂಕ್ಷ್ಮಗಳನ್ನು ಸ್ಪರ್ಶಿಸಲಾರದು. ಆ ಕೆಲಸವನ್ನು ಸ್ಥಳೀಯ ವಿಶ್ವವಿದ್ಯಾನಿಲಯಗಳೂ ಭಾಷಾಸಂಸ್ಥೆಗಳೂ ವೃತ್ತಪತ್ರಿಕೆಗಳೂ ವಹಿಸಿಕೊಳ್ಳಬೇಕು.

ಹೊಸ ಸುತ್ತಿನ ಅರ್ಜಿಗಳ ಅವಧಿಯನ್ನು 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ನಿಗದಿಪಡಿಸಲಾಗಿದೆ. ಒಂದು ಅರ್ಜಿಯ ಮೂಲಶುಲ್ಕ 2,27,000 ಡಾಲರುಗಳು.